ಹಾಲ್‌ನಲ್ಲೊಂದು 8 ಅಡಿ ದೋಣಿ

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬರುತ್ತಾ ಮತ್ತೆ ಎಡವಿದೆ. ಕಾಲಿಗೆ ಸಿಕ್ಕಿದ್ದು ಎದ್ದು ನಿಂತ ಸೆಲ್ಲೋ ಟೇಪು. ಅರ್ಧ ಕಾಫಿ ಷರ್ಟಿನ ಮೇಲೆ, ಉಳಿದರ್ಧ ದೋಣಿಯ ಮೇಲೆ.

ದೋಣಿ ಅಂದರೆ ಹಳೇ ನ್ಯೂಸ್‌ಪೇಪರ್. ಒಂಬತ್ತು ದಿನದಿಂದ ನಮ್ಮ ಹಾಲ್‌ನಲ್ಲಿ 8 ಅಡಿ ಉದ್ದ, 2 ಅಡಿ ಅಗಲಕ್ಕೆ ಪೇಪರ್ ಹಾಸಿ ಟೇಪು ಹಚ್ಚಿದ್ದೇನೆ. ಲೆಕ್ಕ ಸುಲಭ, ಸಾಲಾಗಿ ನಾಲ್ಕು ಟೈಲು. ರೋಯಿಂಗ್ ಮೆಷಿನ್, ಅಂದರೆ ಕೂತಲ್ಲೇ ಹುಟ್ಟು ಹಾಕಿದ ಹಾಗೆ ಎಳೆಯುವ ವ್ಯಾಯಾಮದ ಯಂತ್ರ, ತಂದರೆ ಓಡಾಡೋಕೆ ಜಾಗ ಉಳಿಯುತ್ತದಾ ಅಂತ ನೋಡಲು ಮಾಡಿದ ಏರ್ಪಾಡು. ಮೆಷಿನ್ ಬಂದಿಲ್ಲ. ಜಾಗ ಮಾತ್ರ ಹೋಯಿತು.

ಇದಕ್ಕೆಲ್ಲ ಕಾರಣ ನನ್ನ ಮಂಡಿ. ಡಾಕ್ಟರು ಓಡಬೇಡಿ ಅಂದರು. ಈಜು ಬರುತ್ತಾ ಅಂತ ಕೇಳಿದರು. ಅಘನಾಶಿನಿ ದಡದಲ್ಲಿ ಹುಟ್ಟಿ ಬೆಳೆದ ಅಮ್ಮನ ಮಗ ನಾನು, ಬಾತ್‌ರೂಮಿನ ಬಕೆಟ್ ಬಿಟ್ಟರೆ ಬೇರೆ ನೀರಿಗೆ ಇಳಿದವನಲ್ಲ. ಹಾಗಾದ್ರೆ ಹುಟ್ಟು ಹಾಕಿ ಅಂದರು.

ನನ್ನ ಬಜೆಟ್ 15,000 ರೂಪಾಯಿ. ಆ ದುಡ್ಡಿಗೆ ಕಣ್ಣಿಗೆ ಬೀಳುವುದು ಹೆಚ್ಚಾಗಿ ಹೈಡ್ರಾಲಿಕ್ ಮೆಷಿನ್. ಪುಟ್ಟದು, ಮಂಚದ ಕೆಳಗೆ ತಳ್ಳಬಹುದು. ಆದರೆ ಸ್ವಲ್ಪ ಹೊತ್ತು ಎಳೆದರೆ ಪಿಸ್ಟನ್ ಒಳಗಿನ ಎಣ್ಣೆ ಬಿಸಿಯಾಗಿ ತೆಳ್ಳಗಾಗುತ್ತದೆ, ಎಳೆತ ಸಡಿಲವಾಗುತ್ತದೆ. ನನಗಿಂತ ಮೊದಲು ಅದೇ ಸುಸ್ತಾದರೆ ಹೇಗೆ? ಆಯಸ್ಕಾಂತದಿಂದ ನಡೆಯುವ ಮ್ಯಾಗ್ನೆಟಿಕ್ ಮೆಷಿನ್ ಹೆಚ್ಚು ಸದ್ದು ಮಾಡುವುದಿಲ್ಲ, ಆದರೆ ಅಗ್ಗದ್ದರಲ್ಲಿ ಸೀಟು ಜಾರುವ ಹಳಿಯೇ ಗಿಡ್ಡ. ನಾನು 5 ಅಡಿ 11 ಇಂಚು. ಕಾಲು ಪೂರ್ತಿ ಚಾಚದೆ ಈ ವ್ಯಾಯಾಮವೇ ಇಲ್ಲ. ಎಳೆಯುವುದು ಕೈ ಅಂತ ನಾವು ಅಂದುಕೊಂಡಿರುತ್ತೇವೆ, ನಿಜವಾಗಿ ದುಡಿಯುವುದು ಕಾಲು, ಆಮೇಲೆ ಬೆನ್ನು, ಕೈ ಕೊನೆಗೆ. 'ಎತ್ತರದವರಿಗೆ ಆಗುತ್ತಾ?' ಅಂತ ಮಾರುವ ವೆಬ್‌ಸೈಟಿನಲ್ಲಿ ಪ್ರಶ್ನೆ ಹಾಕಿದೆ. ತೆಗೆದುಕೊಂಡವರೊಬ್ಬರು ಉತ್ತರ ಕೊಟ್ಟರು: 'ಗೊತ್ತಿಲ್ಲ ಸರ್, ಇನ್ನೂ ಬಾಕ್ಸ್ ತೆಗೆದಿಲ್ಲ.' ಅವರೇ ಐದು ಸ್ಟಾರ್ ಕೊಟ್ಟಿದ್ದರು! ಈ ಸಿಟ್ಟು ಇನ್ನೂ ಇಳಿದಿಲ್ಲ.

ನೀರಿನ ತೊಟ್ಟಿ ಇರುವ ಮೆಷಿನ್ನೂ ಇದೆ. ಎಳೆದಾಗೆಲ್ಲ ಹೊಳೆಯಲ್ಲಿದ್ದ ಹಾಗೆ ಬುಳುಬುಳು ಸದ್ದು. ಹೆಂಡತಿಗೆ ವಿಡಿಯೋ ತೋರಿಸಿದೆ. "ಟ್ಯಾಂಕರ್‌ಗೆ ದುಡ್ಡು ಕೊಟ್ಟು ತರಿಸಿದ ನೀರಲ್ಲಿ ದೋಣಿ ಆಡಿಸ್ತೀರಾ?" ಅಂದಳು. ಅದು ಅಲ್ಲಿಗೇ ಮುಗಿಯಿತು. ಗಾಳಿಯ ಫ್ಯಾನ್ ಇರುವುದು ಜಿಮ್‌ನವರ, ಪಂದ್ಯದವರ ಮೆಷಿನ್. ಜೋರಾಗಿ ಎಳೆದಷ್ಟೂ ಗಟ್ಟಿಯಾಗುತ್ತದೆ, ಅಷ್ಟೇ ಜೋರಾಗಿ ಸದ್ದೂ ಮಾಡುತ್ತದೆ. ಅದರಲ್ಲಿ ಹೆಸರು ಮಾಡಿದ್ದನ್ನು ಅಮೆರಿಕದ ವರ್ಮಾಂಟ್‌ನ ಅಣ್ಣತಮ್ಮಂದಿರಿಬ್ಬರು 1981ರಲ್ಲಿ ಸೈಕಲ್ ಚಕ್ರ ಇಟ್ಟುಕೊಂಡು ಶುರು ಮಾಡಿದರಂತೆ. ಸೈಕಲ್ ಚಕ್ರ ನಮ್ಮ ಪಾರ್ಕಿಂಗ್‌ನಲ್ಲೂ ತುಕ್ಕು ಹಿಡಿಯುತ್ತಿದೆ. ಅವರದಕ್ಕೆ ಈಗ ಲಕ್ಷದ ಮೇಲೆ, ನಮ್ಮದನ್ನು ಗುಜರಿಯವನು ಎರಡು ಸಲ ನೋಡಿ ಬಿಟ್ಟು ಹೋದ.

"ಟ್ರೆಡ್‌ಮಿಲ್ ಆದ್ರೆ ಟವೆಲ್ ಆದ್ರೂ ಒಣಗಿಸಬಹುದಿತ್ತು. ಇದರ ಮೇಲೆ ಕರ್ಚೀಫೂ ನಿಲ್ಲಲ್ಲ" ಅನ್ನುವುದು ಹೆಂಡತಿಯ ಕೊನೇ ಮಾತು.

ನಾನು ಲೆಕ್ಕ ಹಾಕದೆ ಬಿಟ್ಟದ್ದು ಒಂದೇ. ಪೇಪರ್ ಅಂದರೆ ಸರಸ್ವತಿ. ಮೊದಲ ದಿನ ಅಮ್ಮ ಅಡುಗೆಮನೆಗೆ ಹೋಗುವಾಗ ಗೊತ್ತಿಲ್ಲದೆ ಒಂದು ಹೆಜ್ಜೆ ಇಟ್ಟುಬಿಟ್ಟರು. ತಕ್ಷಣ ಬಗ್ಗಿ, ಪೇಪರ್ ಮುಟ್ಟಿ, ಕಣ್ಣಿಗೆ ಒತ್ತಿಕೊಂಡರು. ವಾಪಸ್ ಬರುವಾಗ ಇನ್ನೊಂದು ಸಲ. ಸುತ್ತಿ ಹೋಗೋಣ ಅಂದರೆ ಒಂದು ಕಡೆ ಸೋಫಾ, ಇನ್ನೊಂದು ಕಡೆ ಟಿವಿ. ಕಾಫಿಗೆ ಹೋಗಿ ಬಂದರೆ ಎರಡು ಸಲ, ದೇವರ ದೀಪಕ್ಕೆ ಎರಡು ಸಲ, ಕುಕ್ಕರ್ ಎಷ್ಟು ಕೂಗಿತು ಅಂತ ನೋಡೋಕೆ ಮತ್ತೆ ಎರಡು ಸಲ. ಕೆಲಸದವಳು ಆ ನಾಲ್ಕು ಟೈಲು ಗುಡಿಸುವುದೇ ಇಲ್ಲ, ದಾಟುವಾಗ ಸೆರಗು ಎತ್ತಿ ಹಾರುತ್ತಾಳೆ. ಸಿಲಿಂಡರ್ ತಂದ ಹುಡುಗ ಬಾಗಿಲಲ್ಲೇ ನಿಂತು, "ಏನ್ ಸರ್, ಪೂಜೆನಾ?" ಅಂತ ಮೆಲ್ಲಗೆ ಕೇಳಿ ಚಪ್ಪಲಿ ಬಿಟ್ಟ.

ಭಾನುವಾರ ನಾನು ಅದರ ಮೇಲೆ ಮಣೆ ಇಟ್ಟು ಕೂತೆ. ಕಿಟಕಿ ಸರಳಿಗೆ ಹಗ್ಗ ಕಟ್ಟಿ ಅಭ್ಯಾಸಕ್ಕೆ ಎಳೆದೆ. ಮಣೆ ಅಲ್ಲೇ ಉಳಿಯಿತು, ನಾನು ಮಾತ್ರ ಹಿಂದಕ್ಕೆ ಹೋದೆ. ಅಮ್ಮ ನಕ್ಕರು, ಜಾಸ್ತೀನೇ ನಕ್ಕರು. ನಗು ನಿಂತ ಮೇಲೆ, "ನಮ್ಮ ಅಂಬಿಗ ನಿಂತೇ ಹಾಕ್ತಿದ್ದ" ಅಂದರು. ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದ ಕಾಲ. ದೋಣಿಯಲ್ಲಿ ಬಳಚು ಅನ್ನುವ ಚಿಪ್ಪುಮೀನು ತುಂಬಿದ ಬುಟ್ಟಿಗಳು, ನಡುವೆ ಮಕ್ಕಳು. ತೆಳು ನೀರಲ್ಲಿ ಗಳ, ಆಳ ಬಂದರೆ ಹುಟ್ಟು. ಒಂದಿನ ಹುಟ್ಟನ್ನು ಅಮ್ಮನ ಕೈಗೆ ಕೊಟ್ಟನಂತೆ. ದೋಣಿ ಇದ್ದಲ್ಲೇ ಎರಡು ಸುತ್ತು ಸುತ್ತಿತಂತೆ. ಹೇಳುತ್ತಾ ಅವರ ಕೈ ಗಾಳಿಯಲ್ಲಿ ಒಮ್ಮೆ ಹಿಂದಕ್ಕೆ ಹೋಯಿತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡರು, ಒದ್ದೆಯೇನೂ ಆಗಿರಲಿಲ್ಲ.

ಇವತ್ತು ಕಾಫಿ ಬಿದ್ದ ಸಿಟ್ಟಿಗೆ ಟೇಪು ಕಿತ್ತು ಪೇಪರೆಲ್ಲ ಸುರುಳಿ ಸುತ್ತಿದೆ. ಅಮ್ಮ ಬಂದು ಖಾಲಿ ನೆಲ ನೋಡಿದರು.

"ತೆಗೆದ್ಯಾ? ಒಳ್ಳೇದಾಯ್ತು. ಬಗ್ಗಿ ಬಗ್ಗಿ ಅದನ್ನೆಲ್ಲ ಓದಿ ಮುಗಿಸಿದ್ದೆ" ಅಂದರು. "ಈ ಸಲ ಭಾನುವಾರದ ಪುರವಣಿ ಹಾಕು. ಅಕ್ಷರ ಸ್ವಲ್ಪ ದೊಡ್ಡದಿರುತ್ತೆ."