ನೀಲಿ ಬಾಣದ ಅಪ್ಪಣೆ

ವಾಸ್ತುಶಿಲ್ಪ ಕಾಲೇಜಿನ ಡ್ರಾಯಿಂಗ್ ಶೀಟಿನಲ್ಲಿ ಬೀಸುವಷ್ಟು ವಿಧೇಯ ಗಾಳಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ವಿನ್ಯಾಸಕ್ಕೆ ಅಂಕ ಕೊಡುವ ಜ್ಯೂರಿಯ ಹಿಂದಿನ ರಾತ್ರಿ ವಿದ್ಯಾರ್ಥಿ ನಿದ್ದೆಗಣ್ಣಿನಲ್ಲಿ ನೀಲಿ ಪೆನ್ನು ಕೈಗೆತ್ತಿಕೊಂಡು ಒಂದು ಬಾಣ ಎಳೆದರೆ ಸಾಕು, ತಂಗಾಳಿ ಕಿಟಕಿಯಿಂದ ಒಳಬಂದು, ಸೋಫಾದ ಹಿಂದೆ ಬಳುಕಿ, ಮೆಟ್ಟಿಲು ಹತ್ತಿ, ಅಡ್ಡ ನಿಂತ ಗೋಡೆಯನ್ನೂ ಲೆಕ್ಕಿಸದೆ ಮಹಡಿ ಸೇರುತ್ತದೆ. ಅಲ್ಲಿ ಪೆನ್ನು ಬದಲಾದೊಡನೆ ಕೆಂಪಗಾಗಿ ಚಾವಣಿಯ ಕಿಂಡಿಯಿಂದ ಹೊರಗೆ ಹಾರುತ್ತದೆ. ಕಿಂಡಿಯೇ ಇಲ್ಲವಲ್ಲ ಎಂದು ಕೇಳಬೇಡಿ. ಬಾಣ ಇದೆ. ಜ್ಯೂರಿಗೆ ಬಂದ ಹಿರಿಯರು ‘ಹುಡುಗ ಹವಾಮಾನಕ್ಕೆ ಸ್ಪಂದಿಸಿದ್ದಾನೆ’ ಎಂದು ತಲೆದೂಗಿ, ಮುಂದಿನ ಶೀಟಿಗೆ ಹೋಗುತ್ತಾರೆ.

ಹಾಗೆಂದು ನಮ್ಮ ಕಾಲೇಜುಗಳಲ್ಲಿ ಹವಾಮಾನ ಶಾಸ್ತ್ರ ಕಲಿಸುವುದಿಲ್ಲ ಎನ್ನುವವರು ಪಠ್ಯಕ್ರಮ ನೋಡಿಲ್ಲ. ಐದು ವರ್ಷದ ಬಿ.ಆರ್ಕ್. ಪದವಿಯಲ್ಲಿ ಅದಕ್ಕೊಂದು ಪೇಪರ್ ಇದೆ. ಸೀತಾಳೆ ಸಿಡುಬಿನ ಹಾಗೆ ಎಳೆಯ ವಯಸ್ಸಿನಲ್ಲೇ ಒಮ್ಮೆ ಬಂದು ಹೋಗುತ್ತದೆ. ಆಮೇಲೆ ಜೀವಮಾನವಿಡೀ ರಕ್ಷಣೆ.

ಪಾಠ ನಡೆಯುವ ಕೊಠಡಿಯನ್ನೂ ಯೋಚಿಸಿಯೇ ಆರಿಸಿರುತ್ತಾರೆ: ಕಟ್ಟಡದ ಕಟ್ಟಕಡೆಯ ಮಹಡಿ, ಮೇಲೆ ಬೋಳು ಕಾಂಕ್ರೀಟ್ ಚಾವಣಿ, ಪಶ್ಚಿಮಕ್ಕೆ ಉದ್ದನೆಯ ಕಿಟಕಿ. ಬಿಸಿಲನ್ನು ಹೀರಿದ ಚಾವಣಿ ಕೆಲವು ಗಂಟೆ ತಡವಾಗಿ ಶಾಖವನ್ನು ಒಳಗಿಳಿಸುತ್ತದೆ ಎಂಬ ಸತ್ಯವನ್ನು ಮಧ್ಯಾಹ್ನ ಮೂರೂವರೆಗೆ ಮೇಷ್ಟರು ಪರದೆಯ ಮೇಲೆ ತೋರಿಸುತ್ತಾರೆ. ಅರವತ್ತು ಮಂದಿ ಬೆವರು ಒರೆಸಿಕೊಳ್ಳುತ್ತ ಬರೆದುಕೊಳ್ಳುತ್ತಾರೆ. ಒಬ್ಬನಾದರೂ ತಲೆಯೆತ್ತಿ ಚಾವಣಿ ನೋಡಬೇಕಲ್ಲ! ಪ್ರೊಜೆಕ್ಟರ್ ಕಾಣಲೆಂದು ಕಿಟಕಿ ಮುಚ್ಚಿದೆ; ಕಿಟಕಿ ಮುಚ್ಚಿದ್ದಕ್ಕೆ ಟ್ಯೂಬ್‌ಲೈಟ್ ಉರಿಯುತ್ತಿದೆ; ಪರದೆಯ ಮೇಲಿನ ಸ್ಲೈಡಿನ ಶೀರ್ಷಿಕೆ ‘ಸಹಜ ಬೆಳಕು ಮತ್ತು ಗಾಳಿ’. ಕೊಠಡಿಯ ಉಷ್ಣಾಂಶವನ್ನು ಅಳೆದೇ ಬಿಡೋಣವೆಂದರೆ ಒಣ ಬಲ್ಬು, ತೇವ ಬಲ್ಬುಗಳ ಥರ್ಮಾಮೀಟರ್ ಪ್ರಯೋಗಾಲಯದ ಬೀರುವಿನಲ್ಲಿ ಭದ್ರವಾಗಿದೆ. ಬೀಗದ ಕೈ ವಿಭಾಗದ ಮುಖ್ಯಸ್ಥರ ಹತ್ತಿರ. ಪರಿಶೀಲನಾ ತಂಡ ಬಂದ ದಿನ ಅದನ್ನು ಹೊರಗೆ ತೆಗೆದು, ಒರೆಸಿ, ಪಕ್ಕದಲ್ಲಿ ಹೂಕುಂಡ ಇಡುತ್ತಾರೆ.

ಸೂರ್ಯನ ಕಥೆ ಇನ್ನೂ ಚಂದ. ಉತ್ತರದ ಕಿಟಕಿಗೆ ಬಿಸಿಲು ಬೀಳುವುದೇ ಇಲ್ಲ ಎಂದು ಯೂರೋಪಿನ ಪುಸ್ತಕಗಳು ಹೇಳಿವೆ, ನಮ್ಮವರು ನಂಬಿದ್ದಾರೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಪಠ್ಯ ಓದದ ಸೂರ್ಯನಿಗೆ ಯಾರು ಏನು ಮಾಡಲಾದೀತು? ಅಷ್ಟಕ್ಕೂ ಉತ್ತರ ದಿಕ್ಕಿನ ಗುರುತನ್ನು ಹಾಕುವುದು ವಿನ್ಯಾಸ ಮುಗಿದ ಮೇಲೆ, ಶೀಟಿನಲ್ಲಿ ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ. ಮುಂದೆ ಕೆಲಸಕ್ಕೆ ಸೇರಿದಾಗ ಅಡುಗೆಮನೆ ಆಗ್ನೇಯಕ್ಕೇ ಬೇಕೆಂದು ವಾಸ್ತು ಪಂಡಿತರು ಹೇಳಿದರೆ ಇಡೀ ನಕ್ಷೆ ಗಿರಕಿ ಹೊಡೆಯುತ್ತದೆ. ಪಶ್ಚಿಮದ ಬಿಸಿಲಿಗಾಗಿ ಒಂದು ಕಿಟಕಿಯೂ ಕದಲುವುದಿಲ್ಲ.

ಪರೀಕ್ಷೆಯಲ್ಲಿ ಮಾತ್ರ ಯಾರೂ ತಪ್ಪುವುದಿಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಯು-ವ್ಯಾಲ್ಯೂ (ಶಾಖ ದಾಟಿಸುವ ಗುಣದ ಅಳತೆ) 2ರ ಆಸುಪಾಸು, ಒಂಟಿ ಗಾಜಿನದು 5.5ಕ್ಕೂ ಹೆಚ್ಚು, ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು ಶಾಖ ಗಾಜಿನ ಮೂಲಕ ದಾಟುತ್ತದೆ, ನೇರ ಬಿಸಿಲಿನ ಲೆಕ್ಕ ಬೇರೆ. ಇದನ್ನು ಅಚ್ಚುಕಟ್ಟಾದ ಚಿತ್ರದೊಂದಿಗೆ ಬರೆದು ಪೂರ್ಣ ಅಂಕ ಪಡೆದ ವಿದ್ಯಾರ್ಥಿನಿ, ಪಕ್ಕದ ವಿನ್ಯಾಸದ ಸ್ಟುಡಿಯೋಗೆ ಹೋಗಿ ಹನ್ನೆರಡು ಅಂತಸ್ತಿನ ಗಾಜಿನ ಗೋಪುರ ನಿಲ್ಲಿಸುತ್ತಾಳೆ.

‘ಕಾನ್ಸೆಪ್ಟ್ ಏನಮ್ಮ?’

‘ಚಿಟ್ಟೆ ಸರ್.’

‘ಒಳಗೆ ಸೆಕೆಯಾಗುವುದಿಲ್ಲವೆ?’

‘ಎ.ಸಿ. ಗೀಸಿ ಎಲ್ಲ ಸರ್ವಿಸಸ್ ಪೇಪರ್ ಸರ್. ಮುಂದಿನ ಸೆಮಿಸ್ಟರ್.’

ಅವಳದೇನೂ ತಪ್ಪಿಲ್ಲ. ಸ್ಟುಡಿಯೋದ ಮೇಷ್ಟರಿಗೆ ಚಿಟ್ಟೆಯ ರೆಕ್ಕೆ ಸಾಲದು ಎನ್ನಿಸಿದರೆ ಅಂಕ ಹೋಗುತ್ತದೆ. ಸೆಕೆಗೆ ಅಂಕ ಕಳೆಯುವ ಕಾಲಮ್ಮೇ ಅವರ ಹಾಳೆಯಲ್ಲಿಲ್ಲ.

ಇಂಥ ಬೆಂಗಳೂರಿಗೇ 1939ರಲ್ಲಿ ಆಟೊ ಕೋನಿಗ್ಸ್‌ಬರ್ಗರ್ ಎಂಬ ಬರ್ಲಿನ್ನಿನವರು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದಿದ್ದರು. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟವರು. ಇಲ್ಲಿನ ಬಿಸಿಲು ಮಳೆ ನೋಡಿ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ಕಟ್ಟಡಗಳನ್ನು ಕಟ್ಟಿದರು. ಆಮೇಲೆ ಲಂಡನ್ನಿಗೆ ಹೋಗಿ, ಉಷ್ಣವಲಯದ ಕಟ್ಟಡಗಳ ಬಗ್ಗೆ ಜೊತೆಗಾರರೊಡನೆ ಬರೆದು 1974ರಲ್ಲಿ ಹೊರತಂದ ಪುಸ್ತಕ ನಮ್ಮ ಹುಡುಗರಿಗೆ ಪಠ್ಯವಾಯಿತು. ಹುಡುಗರು ಅದನ್ನು ಝೆರಾಕ್ಸ್ ಮಾಡಿಸಿ ಓದುತ್ತಾರೆ. ಕೋನಿಗ್ಸ್‌ಬರ್ಗರ್ ಕಟ್ಟಿದ ಕಟ್ಟಡಗಳು ಸಿಟಿ ಬಸ್ಸಿನ ದೂರದಲ್ಲಿವೆ. ಅವುಗಳನ್ನು ನೋಡಲು ಹೋಗುವವರು ಕಡಿಮೆ. ಸ್ಟಡಿ ಟೂರ್ ಎಂದರೆ ಹೆಸರಾಂತ ಕಟ್ಟಡಗಳ ಅಹಮದಾಬಾದ್ ಅಲ್ಲವೆ?

ಮಲೆನಾಡಿನ ತೊಟ್ಟಿ ಮನೆಗೆ ಹೋಗುವುದೂ ಉಂಟು. ಟೇಪು ಹಿಡಿದು ತೊಟ್ಟಿ, ಜಗುಲಿ, ಮಾಡಿನ ಇಳಿಜಾರು ಎಲ್ಲವನ್ನೂ ಅಳೆದು, ಮನೆಯೊಡೆಯರು ಕೊಟ್ಟ ಮಜ್ಜಿಗೆ ಕುಡಿದು ಬರುತ್ತಾರೆ. ಮರು ವರ್ಷ ಅವರ ವಿನ್ಯಾಸದಲ್ಲಿ ತೊಟ್ಟಿ ಬಂದೇ ಬರುತ್ತದೆ, ಮೇಲೆ ಪಾಲಿಕಾರ್ಬೊನೇಟ್ ಶೀಟು ಬಿಗಿದು. ಮಳೆ ಬರಬಾರದಲ್ಲ. ಗಾಳಿಯೂ ಬರುವುದಿಲ್ಲ, ಬಿಸಿಲಿನ ಶಾಖ ಮಾತ್ರ ಸಲೀಸಾಗಿ ಬಂದು ಅಲ್ಲೇ ಕೂರುತ್ತದೆ. ನೀಲಿ ಬಾಣ ಎಳೆದರಾಯಿತು.

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲೇ ಬಂದು, 2017ರಲ್ಲಿ ಪರಿಷ್ಕರಣೆಯೂ ಆಗಿದೆ. ದೇಶದ ಐದು ಹವಾಮಾನ ವಲಯಗಳಲ್ಲಿ ಬೆಂಗಳೂರಿಗೆ ಸಿಕ್ಕಿರುವುದು ಸಮಶೀತೋಷ್ಣ. ನೆರಳು, ತೆರೆದ ಕಿಟಕಿ, ಒಂದು ಫ್ಯಾನ್ ಇದ್ದರೆ ವರ್ಷದ ಬಹುಪಾಲನ್ನು ಕಳೆಯಬಹುದು. ಅಂಥ ಊರಿನಲ್ಲಿ ಕಿಟಕಿಯನ್ನೇ ತೆರೆಯಲಾಗದ ಕಟ್ಟಡವನ್ನು ಕಟ್ಟಿ, ಹಗಲೂ ರಾತ್ರಿ ತಣ್ಣಗಿಟ್ಟು, ಒಳಗಿನವರು ಸ್ವೆಟರ್ ಹಾಕಿಕೊಳ್ಳುವಂತೆ ಮಾಡಬೇಕಾದರೆ ಅದಕ್ಕೆ ಐದು ವರ್ಷದ ತರಬೇತಿ ಬೇಕೇ ಬೇಕು. ಹೊರವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ನಮ್ಮ ಪದವೀಧರರ ಸಾಮರ್ಥ್ಯ ಕಣ್ಣು ಕೋರೈಸುತ್ತದೆ. ಅಕ್ಷರಶಃ.

ಅಂಥ ಕಟ್ಟಡಗಳನ್ನು ಕಟ್ಟಿ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಯನ್ನು ‘ಹಸಿರು ಕಟ್ಟಡ’ದ ಬಗ್ಗೆ ಉಪನ್ಯಾಸಕ್ಕೆ ಕರೆಯುವುದು ಈಗಿನ ಸಂಪ್ರದಾಯ. ಕಾರ್ಯಕ್ರಮ ಹೊಸ ಗಾಜಿನ ಸಭಾಂಗಣದಲ್ಲಿ. ಪರದೆಯ ಮೇಲೆ ಬಿಸಿಲು ಬಿದ್ದು ಸ್ಲೈಡುಗಳೇ ಕಾಣುವುದಿಲ್ಲವೆಂದು ಗಾಜಿಗೆಲ್ಲ ದಪ್ಪನೆಯ ಕಪ್ಪು ಕರ್ಟನ್ ಎಳೆಯುತ್ತಾರೆ. ಕತ್ತಲಾಯಿತೆಂದು ದೀಪ ಹಚ್ಚುತ್ತಾರೆ. ಸೆಕೆಯಾಯಿತೆಂದು ಎ.ಸಿ. ಹಾಕುತ್ತಾರೆ. ಎ.ಸಿ.ಗೆ ಐದು ಸ್ಟಾರ್ ಇದೆಯೆಂದು ಪ್ರಾಂಶುಪಾಲರು ಸ್ವಾಗತ ಭಾಷಣದಲ್ಲೇ ತಿಳಿಸುತ್ತಾರೆ, ಚಪ್ಪಾಳೆ ಬೀಳುತ್ತದೆ.