ಹತ್ತು ತಿಂಗಳ ಮುಂಗಡ, ಎರಡು ದಿನದ ಹೋಂಸ್ಟೇ

ಬೆಂಗಳೂರಿನ ಮನೆ ಮಾಲೀಕರು ಬಾಡಿಗೆಗೆ ಬಂದ ಹುಡುಗರನ್ನು ಕೂರಿಸಿಕೊಂಡು ಸಂದರ್ಶನ ನಡೆಸುತ್ತಾರೆ, ಕಂಪನಿಯ ಹೆಸರು ಕೇಳಿ ಮುಖ ಸಿಂಡರಿಸುತ್ತಾರೆ, ಲಕ್ಷಗಟ್ಟಲೆ ಮುಂಗಡ ಕೇಳುತ್ತಾರೆ ಎಂಬ ಸುದ್ದಿ ವರ್ಷಕ್ಕೆ ನಾಲ್ಕಾರು ಬಾರಿ ಪತ್ರಿಕೆಗಳಲ್ಲಿ ಬರುತ್ತದೆ. ಈ ವಾರವೂ ಬಂದಿದೆ. ಅದರ ವಿವರಗಳನ್ನು ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಕೊಡಗಿನಲ್ಲಿ ಕುಳಿತು ಓದುವವರಿಗೆ ಮಾತ್ರ ಅದರಲ್ಲಿ ಒಂದಿಷ್ಟು ಹೆಚ್ಚಿನ ಸ್ವಾರಸ್ಯ ಕಾಣುತ್ತದೆ, ಏಕೆಂದರೆ ಆ ಮಾಲೀಕರೇ ಶುಕ್ರವಾರ ಸಂಜೆ ಕಾರು ಹತ್ತಿಕೊಂಡು ನಮ್ಮಲ್ಲಿಗೆ ಬರುತ್ತಾರೆ.

ಕೊಡಗು ಮಕ್ಕಳನ್ನು ಹೊರಗೆ ಕಳುಹಿಸುವ ಜಿಲ್ಲೆ. 2001ರ ಜನಗಣತಿಯಲ್ಲಿ 5.48 ಲಕ್ಷವಿದ್ದ ಜನಸಂಖ್ಯೆ 2011ರ ಹೊತ್ತಿಗೆ 5.54 ಲಕ್ಷಕ್ಕೆ ಬಂದು ನಿಂತಿತು. ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಸುಮಾರು ಆರು ಸಾವಿರ ಮಂದಿ. ಉಳಿದವರೆಲ್ಲ ಎಲ್ಲಿ ಎಂದು ಕೇಳುವವರು ಭಾನುವಾರ ರಾತ್ರಿ ಮಡಿಕೇರಿಯ ಬಸ್ ನಿಲ್ದಾಣಕ್ಕೆ ಹೋಗಿ ನೋಡಬಹುದು. ರೈಲು ಹಳಿಯಿಲ್ಲದ ಜಿಲ್ಲೆಯಾದುದರಿಂದ (ಕುಶಾಲನಗರಕ್ಕೆ ಪ್ರತಿ ಚುನಾವಣೆಯಲ್ಲೂ ರೈಲಿನ ಭರವಸೆ ಬರುತ್ತದೆ, ರೈಲು ಬರುವುದಿಲ್ಲ) ಹುಡುಗರು ಬಸ್ಸಿನಲ್ಲಿ ಪಿರಿಯಾಪಟ್ಟಣ, ಹುಣಸೂರುಗಳನ್ನು ದಾಟಿ ನೌಕರಿಗೆ ಮರಳುತ್ತಾರೆ. ಅವರ ಬಸ್ಸನ್ನು ಹಿಂದಿಕ್ಕಿ ಹೋಗುವ ಕಾರುಗಳಲ್ಲಿ ಅವರ ಮ್ಯಾನೇಜರುಗಳೂ ಮನೆ ಮಾಲೀಕರೂ ಕಾಫಿಪುಡಿಯ ಪೊಟ್ಟಣಗಳೊಡನೆ ಹಿಂದಿರುಗುತ್ತಿರುತ್ತಾರೆ.

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಮುಗಿಸಿ ಮೊದಲ ನೌಕರಿಗೆಂದು ಬೆಂಗಳೂರು ಸೇರಿ, ಪಿ.ಜಿ.ಯೊಂದರಲ್ಲಿ ಮೂರು ಮಂಚಗಳ ನಡುವೆ ಅಡ್ಡಡ್ಡವಾಗಿ ನಡೆಯುವುದನ್ನು ಕಲಿತ ಮೇಲೆ, ಇಬ್ಬರು ಗೆಳೆಯರೊಡನೆ ಮನೆ ಹುಡುಕಲು ಹೊರಟ. ಒಬ್ಬ ಮಾಲೀಕರು ಮೊದಲು ಊರು ಕೇಳಿದರಂತೆ. ಕೊಡಗು ಎಂದೊಡನೆ ಅವರ ಮುಖ ಅರಳಿತಂತೆ. “ಓ, ಕೂರ್ಗಾ! ಸ್ವರ್ಗ ಕಣಪ್ಪಾ ಅದು. ಹೋದ ತಿಂಗಳಷ್ಟೇ ಫ್ಯಾಮಿಲಿ ಜೊತೆ ಬಂದಿದ್ವಿ. ಹೋಂಸ್ಟೇನಲ್ಲಿ ಪಂದಿಕರಿ, ಅದೇ ಹಂದಿಮಾಂಸದ ಸಾರು, ಏನು ಚೆನ್ನಾಗಿ ಮಾಡಿದ್ರು ಅಂತೀಯಾ!” ಎಂದು ಹೇಳಿ, ಅದೇ ಉಸಿರಿನಲ್ಲಿ ಎರಡನೆಯ ಪ್ರಶ್ನೆ ಹಾಕಿದರು: “ನಾನ್‌ವೆಜ್ ತಿಂತೀಯಾ?” ಇವನು ಸತ್ಯ ನುಡಿದ. “ಹಾಗಾದ್ರೆ ಕಷ್ಟ ಕಣಪ್ಪಾ. ಮನೆಯಲ್ಲಿ ದೇವರಿದ್ದಾರೆ” ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರಂತೆ. ನಮ್ಮ ಮನೆಗಳಲ್ಲಿಯೂ ದೇವರಿದ್ದಾರೆ. ಕಾರಣರಿಗಂತೂ, ಅಂದರೆ ಗತಿಸಿದ ಕುಲದ ಹಿರಿಯರಿಗೆ, ನಾವು ಮಾಂಸ ಮತ್ತು ಮದ್ಯಗಳನ್ನೇ ಎಡೆಯಿಡುತ್ತೇವೆ. ಅತಿಥಿಯ ತಟ್ಟೆಯಲ್ಲಿ ಏನಿದೆಯೆಂದು ಅವರು ಇಣುಕಿ ನೋಡಿದ ಉದಾಹರಣೆ ಈವರೆಗೆ ಇಲ್ಲ.

ಮಾಲೀಕರ ದೂರದೃಷ್ಟಿಯನ್ನು ಮೆಚ್ಚದೆ ಇರಲಾಗದು. ತಿಂಗಳಿಗೆ 25 ಸಾವಿರ ಬಾಡಿಗೆಯ ಮನೆಗೆ ಹಳೆಯ ಪದ್ಧತಿಯಂತೆ ಹತ್ತು ತಿಂಗಳ ಮುಂಗಡವೆಂದರೆ ಎರಡೂವರೆ ಲಕ್ಷ ರೂಪಾಯಿ. ಈಗ ಉದಾರಿಗಳು ಐದಾರು ತಿಂಗಳಿಗೆ ಇಳಿದಿದ್ದಾರೆ ಎಂದು ಕೇಳಿದ್ದೇನೆ. ಇನ್ನೂ ಒಂದು ತಿಂಗಳ ಸಂಬಳವನ್ನೂ ಕಾಣದ ಇಪ್ಪತ್ತೆರಡರ ಹುಡುಗ, ನಗರದ ನಡುವೆ ಮೂರಂತಸ್ತಿನ ಕಟ್ಟಡವಿರುವ ವ್ಯಕ್ತಿಗೆ, ಬಡ್ಡಿಯಿಲ್ಲದೆ, ಆಧಾರವಿಲ್ಲದೆ, ಜಾಮೀನಿಲ್ಲದೆ ಸಾಲ ಕೊಡುತ್ತಾನೆ. ಸಾಲಗಾರನೇ ಸಾಲ ಕೊಡುವವನ ಗುರುತಿನ ಚೀಟಿ, ನೇಮಕ ಪತ್ರ, ತಂದೆಯ ಉದ್ಯೋಗ ಮತ್ತು ನಡತೆಗಳನ್ನು ಪರಿಶೀಲಿಸುವ ವ್ಯವಸ್ಥೆಯನ್ನು ಜಗತ್ತಿನ ಯಾವ ಬ್ಯಾಂಕೂ ಕಂಡುಹಿಡಿದಿರಲಿಲ್ಲ. ಮನೆ ಬಿಡುವಾಗ ಬಣ್ಣ ಬಳಿಯುವ ಖರ್ಚಿಗೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುತ್ತಾರೆ. ಬಣ್ಣ ಬಳಿಯುವುದು ಕಡ್ಡಾಯವಲ್ಲ, ಮುರಿದುಕೊಳ್ಳುವುದು ಕಡ್ಡಾಯ.

ಇದಕ್ಕೆ ಕಾನೂನಿಲ್ಲವೇ ಎಂದು ಅಕ್ಕ ಕೇಳಿದಳು. ಇದೆ, ಓದಲು ಬಹಳ ಸೊಗಸಾಗಿದೆ. ಕೇಂದ್ರ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆನ್ನುತ್ತದೆ. ಆದರೆ ಬಾಡಿಗೆಯ ವಿಷಯ ರಾಜ್ಯಗಳಿಗೆ ಸೇರಿದ್ದು, ಅವು ಒಪ್ಪಿಕೊಂಡು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಬೆಂಗಳೂರಿನ ಮಾಲೀಕರ ಮಟ್ಟಿಗೆ ಅದು ಬೇರೊಂದು ದೇಶದ ಹವಾಮಾನ ವರದಿ. ಇನ್ನು ಕರಾರುಪತ್ರ ಹನ್ನೊಂದು ತಿಂಗಳಿಗೇ ಏಕೆ ಎಂದರೆ, ಒಂದು ವರ್ಷಕ್ಕೆ ಮೀರಿದ ಗೇಣಿಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳಿಗೆ ನಿಲ್ಲಿಸಿದರೆ ಆ ತೊಂದರೆಯಿಲ್ಲ. ಬ್ರಿಟಿಷರ ಕಾಲದ ಕಾಯ್ದೆಯ ಈ ಒಂದು ಸಂದು ಮಾಲೀಕರೆಲ್ಲರಿಗೂ ಕಂಠಪಾಠವಾಗಿದೆ, 2021ರ ಕಾಯ್ದೆಯ ಹೆಸರು ಮಾತ್ರ ಯಾರ ಕಿವಿಗೂ ಬಿದ್ದಿಲ್ಲ.

ಮುಂಗಡದ ಹಣ ಎಲ್ಲಿಂದ ಬರುತ್ತದೆ ಎಂಬುದು ನಗರದವರಿಗೆ ಹೊಳೆಯದ ಪ್ರಶ್ನೆ. ರಾಜ್ಯ ಸರ್ಕಾರ ರೈತರಿಗೆ ಸಹಕಾರ ಸಂಘಗಳ ಮೂಲಕ ಬಡ್ಡಿಯಿಲ್ಲದ ಬೆಳೆಸಾಲ ಕೊಡುತ್ತದೆ, 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆ ಸಾಲಕ್ಕೆ ಭಾವನವರು ಪಹಣಿ ಹಿಡಿದು ಸಂಘಕ್ಕೆ ಹೋದರೆ, ಜಮ್ಮಾ ಜಾಗದ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿಯ, ಪಹಣಿಯಲ್ಲಿ ತೀರಿಕೊಂಡ ಹಿರಿಯರ ಹೆಸರು ಮುಂದೆ ನಿಂತು, ಕುಟುಂಬದ ಹತ್ತಾರು ಮಂದಿಯ ಹೆಸರು ಹಿಂದೆ ಸಾಲುಗಟ್ಟಿ, ಅಷ್ಟೂ ಜನರ ಒಪ್ಪಿಗೆ ತನ್ನಿ ಎಂಬ ಉತ್ತರ ದೊರೆಯುತ್ತದೆ. ಅಂದರೆ ರೈತ ತನ್ನದೇ ಭೂಮಿಯ ಮೇಲೆ ಸಾಲ ಪಡೆಯಲು ಸತ್ತವರ ಸಹಿ ಬೇಕು, ರೈತನ ಮಗ ಮಾಲೀಕನಿಗೆ ಸಾಲ ಕೊಡಲು ಏನೂ ಬೇಡ. ಅಕ್ಕ ಕೊನೆಗೆ ಬಳೆಗಳನ್ನು ಅಡವಿಟ್ಟಳು. ಆ ಹಣಕ್ಕೆ ಬಡ್ಡಿಯುಂಟು.

ಆದುದರಿಂದ ನಮ್ಮ ಜಿಲ್ಲೆಯ ಹೋಂಸ್ಟೇ ಮಾಲೀಕರು ನಗರದ ಸತ್ಸಂಪ್ರದಾಯವನ್ನು ಅನುಸರಿಸಬೇಕೆಂದು ನಾನು ವಿನಯಪೂರ್ವಕವಾಗಿ ಸೂಚಿಸುತ್ತೇನೆ. ಎರಡು ರಾತ್ರಿಯ ವಾಸ್ತವ್ಯಕ್ಕೆ ಇಪ್ಪತ್ತು ರಾತ್ರಿಯ ಬಾಡಿಗೆಯನ್ನು ಮುಂಗಡವಾಗಿ ಪಡೆಯಬೇಕು. ಬಂದವರನ್ನು ಗೇಟಿನ ಹೊರಗೆ ಮಳೆಯಲ್ಲಿ ನಿಲ್ಲಿಸಿ, ಯಾವ ಕಂಪನಿ, ಮದುವೆಯಾಗಿದೆಯೇ, ಆಗಿದ್ದರೆ ಪುರಾವೆ ಎಲ್ಲಿ, ಆಗಿಲ್ಲವಾದರೆ ಕಾರಣವೇನು ಎಂದು ವಿಚಾರಿಸಬೇಕು. ತೊಗರಿಬೇಳೆಯ ಸಾರು ತಿನ್ನುವವರೆಂದು ತಿಳಿದುಬಂದಲ್ಲಿ, ವೈಯಕ್ತಿಕವಾಗಿ ತಮಗೇನೂ ಅಭ್ಯಂತರವಿಲ್ಲ, ಆದರೆ ಮನೆಯಲ್ಲಿ ಕಾರಣರಿದ್ದಾರೆ, ವಾಸನೆ ಅವರಿಗೆ ಆಗಿಬರುವುದಿಲ್ಲ ಎಂದು ನಯವಾಗಿ ಹೇಳಿ ಕಳುಹಿಸಬೇಕು. ರಾತ್ರಿ ಹತ್ತರ ಮೇಲೆ ಗೇಟಿಗೆ ಬೀಗ. ನೀರು ದಿನ ಬಿಟ್ಟು ದಿನ, ಅದೂ ಟ್ಯಾಂಕರಿನದು, ಮುಂಗಾರಿನಲ್ಲಿಯೂ ಸಹ. ಅತಿಥಿಗಳ ಅತಿಥಿಗಳಿಗೆ ಪ್ರವೇಶವಿಲ್ಲ. ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಹೋಗಿ ಮಂಜು ಕಾಣದೆ ಬಂದವರು ಬಾಡಿಗೆ ಕಡಿಮೆ ಮಾಡೆಂದು ಕೇಳುವಂತಿಲ್ಲ. ಹೊರಡುವಾಗ ಗೋಡೆಯ ಬಣ್ಣಕ್ಕೆಂದು ಮುರಿದುಕೊಳ್ಳತಕ್ಕದ್ದು. ತೋಟದ ಬದಿಯಲ್ಲಿ ಎಸೆದುಹೋಗುವ ಬಾಟಲಿಗಳನ್ನು ಹೆಕ್ಕುವ ಕೂಲಿ ಬೇರೆ. ಈ ಕಡೆಯ ಕಲಮನ್ನು ಮಾತ್ರ ನಾನು ತಮಾಷೆಗೆ ಸೇರಿಸಿಲ್ಲ.

ಯಾರೂ ಹೀಗೆ ಮಾಡುವುದಿಲ್ಲವೆಂದು ನನಗೆ ಗೊತ್ತಿದೆ. ಇಲ್ಲಿ ಬಂದವರಿಗೆ ಮೊದಲು ಬಿಸಿ ಕಾಫಿ ಕೊಡುತ್ತಾರೆ, ಹೆಸರನ್ನು ಆಮೇಲೆ ಬರೆದುಕೊಳ್ಳುತ್ತಾರೆ.

ಇನ್ನು ನೌಕರಿಯ ವಿಷಯ. ಹೊಸಬರು ಬೇಕಾಗಿದ್ದಾರೆ, ಎರಡು ವರ್ಷಗಳ ಅನುಭವ ಕಡ್ಡಾಯ ಎಂಬ ಜಾಹೀರಾತುಗಳ ಬಗ್ಗೆ ಹಾಸ್ಯ ಮಾಡಿ ಎಲ್ಲರಿಗೂ ಬೇಸರವಾಗಿದೆ, ಅದನ್ನು ಬಿಡೋಣ. ಹಿರಿಯರ ಹಿತವಚನಗಳನ್ನು ಬಿಡುವಂತಿಲ್ಲ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿ, ಭಾನುವಾರಗಳಂದು ನಿಮ್ಮನ್ನು ದುಡಿಸಲಾಗುತ್ತಿಲ್ಲವೆಂದು ಮರುಗಿದರು. ನಡುವೆ, 2024ರ ಜುಲೈನಲ್ಲಿ, ಐಟಿ ನೌಕರರ ದಿನವನ್ನು 14 ಗಂಟೆಗಳವರೆಗೆ ಎಳೆಯುವ ಪ್ರಸ್ತಾವ ನಮ್ಮ ರಾಜ್ಯದಲ್ಲೇ ಕೇಳಿಬಂದು ನೌಕರರ ಸಂಘದ ವಿರೋಧವನ್ನು ಎದುರಿಸಿತು. ವಾರದ 168 ಗಂಟೆಗಳಲ್ಲಿ ಕಚೇರಿಗೆ 90, ಹೊರವರ್ತುಲ ರಸ್ತೆಗೆ ದಿನಕ್ಕೆ ಮೂರರಂತೆ 21, ನಿದ್ರೆಗೆ ಏಳರಂತೆ 49 ಗಂಟೆಗಳನ್ನು ಕೊಟ್ಟರೆ ಉಳಿಯುವುದು ಎಂಟು. ಆ ಎಂಟು ಗಂಟೆಗಳಲ್ಲಿ ಸ್ನಾನ, ಊಟ, ಬಟ್ಟೆ ಒಗೆಯುವುದು ಮತ್ತು ತಾಯಿಗೆ ಫೋನು ಮಾಡುವುದು ಮುಗಿಯಬೇಕು. ಇಷ್ಟಕ್ಕೆ ಎರಡೂವರೆ ಲಕ್ಷ ಮುಂಗಡದ ಮನೆ ಏಕೆ ಬೇಕು? ಚಪ್ಪಲಿ ಬಿಡಲು ಒಂದು ಜಾಗ ಸಾಕಲ್ಲವೇ?

ನಮ್ಮ ತೋಟಗಳ ಕಡೆಗೊಮ್ಮೆ ನೋಡಿ. 1951ರ ತೋಟ ಕಾರ್ಮಿಕರ ಕಾಯ್ದೆಯು ಕಾರ್ಮಿಕರಿಗೆ ವಸತಿ ಕೊಡುವುದನ್ನು ಮಾಲೀಕರ ಹೊಣೆಯಾಗಿಸಿತು, ಮುಂದೆ ತಿದ್ದುಪಡಿಯಾದಾಗ ವಾರದ ಕೆಲಸವನ್ನು 48 ಗಂಟೆಗಳಿಗೆ ಮಿತಿಗೊಳಿಸಿತು. ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳನ್ನು ಹೊಗಳಲು ನಾನು ಹೊರಟಿಲ್ಲ. ಸೋರುವ ಲೈನ್ ಮನೆಗಳೂ, ಅದರಲ್ಲಿ ತಲೆಮಾರುಗಳನ್ನು ಕಳೆದ ಎರವ ಮತ್ತು ಕುರುಬ ಬುಡಕಟ್ಟುಗಳವರೂ ಈ ಜಿಲ್ಲೆಯ ನಾಚಿಕೆ, ಕಾಗದದ ಮೇಲಿನ ಕಾಯ್ದೆಯಿಂದ ಅದು ಮುಚ್ಚಿಹೋಗುವುದಿಲ್ಲ. ಆದರೂ ಕೆಲಸಕ್ಕೆ ಕರೆದವನು ಮಲಗಲು ಜಾಗವನ್ನೂ ತೋರಿಸಬೇಕು ಎಂಬ ಒಂದು ಯೋಚನೆಯಾದರೂ ಎಪ್ಪತ್ತು ವರ್ಷಗಳ ಹಿಂದೆ ಶಾಸಕರ ತಲೆಯಲ್ಲಿ ಹೊಳೆದಿತ್ತು. ಗಾಜಿನ ಕಟ್ಟಡ ಕಟ್ಟಿದವರಿಗೆ ಅದು ಹೊಳೆದಿಲ್ಲ.

ಇಲ್ಲಿ ನನಗೆ ವ್ಯಂಗ್ಯ ಸಾಕಾಗುತ್ತದೆ. ಹನ್ನೆರಡು ವರ್ಷಗಳ ಹಿಂದೆ ಐಟಿ ಕಂಪನಿ ಸೇರುವ ಹೊಸ ಎಂಜಿನಿಯರನಿಗೆ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷ ಸಿಗುತ್ತಿತ್ತು, ಇಂದೂ ಹೆಚ್ಚಿನವರಿಗೆ ಅದರ ಆಸುಪಾಸಿನಲ್ಲೇ ಸಿಗುತ್ತಿದೆ. ಈ ಅವಧಿಯಲ್ಲಿ ಬಾಡಿಗೆ, ಬಸ್ಸು, ಅಕ್ಕಿ, ಕಾಲೇಜಿನ ಶುಲ್ಕ, ಕಂಪನಿಗಳ ಲಾಭ, ಮೇಲಿನವರ ಸಂಬಳ ಯಾವುದೂ ನಿಂತಲ್ಲಿ ನಿಂತಿಲ್ಲ. 2024ರಲ್ಲಿ ಒಂದು ದೊಡ್ಡ ಕಂಪನಿ ವರ್ಷಕ್ಕೆ 2.52 ಲಕ್ಷ ಕೊಡುವುದಾಗಿ ಪ್ರಕಟಿಸಿ, ಜನ ನಕ್ಕಾಗ, ಅದು ಎಂಜಿನಿಯರುಗಳಿಗಲ್ಲ, ಮೂರು ವರ್ಷದ ಪದವೀಧರರಿಗೆ ಎಂದು ಸ್ಪಷ್ಟನೆ ಕೊಟ್ಟಿತು. ಅವರಿಗೆ ಹಸಿವೆ ಕಡಿಮೆಯೇ? ಮಗನನ್ನು ಓದಿಸಲು ಮಾಡಿದ ಸಾಲ ತೀರುವ ಮೊದಲೇ, ಅವನನ್ನು ದುಡಿಯಲು ಕಳುಹಿಸುವುದಕ್ಕೆ ಮತ್ತೊಂದು ಸಾಲ ಮಾಡಬೇಕಾಗಿದೆ. ಅಷ್ಟಾದ ಮೇಲೆ ಈ ಪೀಳಿಗೆ ಸೋಮಾರಿ ಎಂದು ಭಾಷಣ ಕೇಳಬೇಕಾಗಿದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಕಳೆದ ಪುತ್ತರಿಗೆ, ನಮ್ಮ ಸುಗ್ಗಿಯ ಹಬ್ಬಕ್ಕೆ, ಸೋದರಳಿಯ ರಜೆ ಕೇಳಿದ್ದ. ಕದಿರು ತೆಗೆಯುವ ರಾತ್ರಿ ಮನೆಯಲ್ಲಿ ಇರಬೇಕೆಂದು ವಿವರಿಸಿದ. ಪಟ್ಟಿಯಲ್ಲಿ ಆ ಹಬ್ಬವಿಲ್ಲ, ತಂಡಕ್ಕೆ ಈಗ ನಿರ್ಣಾಯಕ ಸಮಯ ಎಂದು ಮ್ಯಾನೇಜರು ನಿರಾಕರಿಸಿದರು. ಎರಡು ವಾರಗಳ ನಂತರ, ನಿರ್ಣಾಯಕ ಸಮಯದಿಂದ ಬಳಲಿದ ಇಡೀ ತಂಡವನ್ನು ಕಂಪನಿಯೇ ಬಸ್ಸು ಮಾಡಿ, ಮನಸ್ಸು ಹಗುರವಾಗಲೆಂದು, ಎಲ್ಲಿಗೆ ಕರೆತಂದಿತು ಎಂಬುದನ್ನು ಊಹಿಸಿದ ಓದುಗರಿಗೆ ಬಹುಮಾನವಿಲ್ಲ. ಅಕ್ಕನ ಮನೆಯಿಂದ ಆ ರೆಸಾರ್ಟಿಗೆ ಹೆಚ್ಚು ದೂರವಿಲ್ಲ. ಇವನು ಒಂದು ಗಂಟೆ ಬಿಡುವು ಕೇಳಿದ. ಕೆಲಸ ಮತ್ತು ಬದುಕಿನ ನಡುವೆ ಸಮತೋಲ ಸಾಧಿಸುವುದು ಹೇಗೆ ಎಂಬ ಉಪನ್ಯಾಸವಿದೆ, ಎಲ್ಲರ ಹಾಜರಿ ಕಡ್ಡಾಯ ಎಂದರಂತೆ. “ಇಲ್ಲೇ ಇದ್ದೇನೆ ಮಾವ, ಆದರೆ ಬರಲು ಆಗುವುದಿಲ್ಲ, ಅಮ್ಮನಿಗೆ ನೀವೇ ಹೇಳಿ” ಎಂದು ನನಗೆ ಫೋನು ಮಾಡಿದ.

ಅಕ್ಕ ಕೇಳುವವಳಲ್ಲ. ಕಡಂಬುಟ್ಟು ಬೇಯಿಸಿ, ಕಾಚಂಪುಳಿ ಹಾಕಿದ ಪಂದಿಕರಿ ಮಾಡಿ, ಡಬ್ಬಿ ಕಟ್ಟಿಕೊಂಡು, ಭಾವನವರ ಸ್ಕೂಟರಿನಲ್ಲಿ ರೆಸಾರ್ಟಿನ ಗೇಟಿಗೆ ಹೋದಳು. ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲವೆಂದು ಕಾವಲುಗಾರ ತಡೆದ. ಪಾಪ, ಅವನೂ ಎಲ್ಲಿಂದಲೋ ಬಂದು ಮೊದಲ ನೌಕರಿಗೆ ಸೇರಿದ ಹುಡುಗ, ನಿಯಮದ ಫಲಕವನ್ನು ತೋರಿಸಿದ. ಪಕ್ಕದಲ್ಲೇ ಆ ಮಧ್ಯಾಹ್ನದ ಭೋಜನದ ಪಟ್ಟಿಯಿತ್ತು. ಕೂರ್ಗ್‌ನ ಅಮ್ಮಂದಿರ ಕೈರುಚಿ ಎಂಬ ತಲೆಬರಹದ ಕೆಳಗೆ ಕಡಂಬುಟ್ಟು ಮತ್ತು ಪಂದಿಕರಿ, ಒಬ್ಬರಿಗೆ 1,200 ರೂಪಾಯಿ, ತೆರಿಗೆ ಪ್ರತ್ಯೇಕ.