ಆಡಿ ನೋಡಿದ ಗೇಮ್‌ಗೆ ದುಡ್ಡು ವಾಪಸ್ ಸಿಗಬೇಕಾ?

ಡಿಜಿಟಲ್ ಗೇಮ್ ಒಂದನ್ನು ಕೊಂಡು, ಸ್ವಲ್ಪ ಹೊತ್ತು ಆಡಿ, ಇಷ್ಟವಾಗದಿದ್ದರೆ ದುಡ್ಡು ವಾಪಸ್ ಕೇಳಬಹುದಾ? ಪಿಸಿ ಗೇಮ್ ಮಾರುವ ಆನ್‌ಲೈನ್ ಸ್ಟೋರ್ ಸ್ಟೀಮ್‌ನಲ್ಲಿ ಕೇಳಬಹುದು. ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು, ಅಷ್ಟೇ. ಎಪಿಕ್ ಅನ್ನುವ ಇನ್ನೊಂದು ಸ್ಟೋರ್‌ನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಪ್ಲೇಸ್ಟೇಷನ್ ಸ್ಟೋರ್ 14 ದಿನ ಕೊಡುತ್ತದೆ, ಆದರೆ ಡೌನ್‌ಲೋಡ್ ಶುರುವಾಯಿತೆಂದರೆ ಸಾಮಾನ್ಯವಾಗಿ ಆ ದಾರಿ ಮುಚ್ಚಿದಂತೆಯೇ. ಜಿಒಜಿ ಅನ್ನುವ ಸ್ಟೋರ್ 2020ರಿಂದ 30 ದಿನದ ಗಡುವು ಇಟ್ಟಿದೆ, ಆಡಿದ್ದರೂ ಪರವಾಗಿಲ್ಲ. ಅದೇ ಗೇಮ್, ಅದೇ ದುಡ್ಡು, ಆದರೆ ಸ್ಟೋರ್ ಬದಲಾದರೆ ಕೊಂಡವರ ಹಕ್ಕೂ ಬದಲಾಗುತ್ತದೆ. ಕಾರಣ ಕೇಳದ ರಿಫಂಡ್ ಎಲ್ಲ ಕಡೆಯೂ ಇರಬೇಕಾ?

ಪರ: ನೋಡದೆ ಕೊಂಡಿದ್ದೇವೆ, ವಾಪಸ್ ಕೊಡುವ ಹಕ್ಕು ಬೇಕೇ ಬೇಕು

ದುಡ್ಡು ಕೊಡುವ ಹೊತ್ತಿಗೆ ನಮ್ಮ ಮುಂದೆ ಏನಿರುತ್ತದೆ? ಒಂದು ಟ್ರೇಲರ್, ನಾಲ್ಕಾರು ಸ್ಕ್ರೀನ್‌ಶಾಟ್, ಕಂಪ್ಯೂಟರ್‌ನಲ್ಲಿ ಏನೇನಿರಬೇಕು ಅನ್ನುವ ಪಟ್ಟಿ. ಎಲ್ಲವನ್ನೂ ಆರಿಸಿ ಹಾಕಿದವರು ಮಾರುವವರೇ. ನಮ್ಮ ಯಂತ್ರದಲ್ಲಿ ಅದು ಹೇಗೆ ಓಡುತ್ತದೆ ಅನ್ನುವುದು ದುಡ್ಡು ಹೋದ ಮೇಲೆ, ಡೌನ್‌ಲೋಡ್ ಮುಗಿದ ಮೇಲೆ ಗೊತ್ತಾಗುವ ವಿಷಯ.

ಆ ಮೊದಲ ಗಂಟೆ ಹೇಗಿರುತ್ತದೆ ಅಂತ ಪಿಸಿಯಲ್ಲಿ ಆಡುವವರಿಗೆ ಚೆನ್ನಾಗಿ ಗೊತ್ತು. ಪಟ್ಟಿಯಲ್ಲಿ ಹೇಳಿದ ಗ್ರಾಫಿಕ್ಸ್ ಕಾರ್ಡೇ ಇದೆ. ಆದರೂ ಕ್ಯಾಮೆರಾ ತಿರುಗಿಸಿದಾಗೆಲ್ಲ ಚಿತ್ರ ತಡವರಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ನೆರಳು ಕಡಿಮೆ ಮಾಡುತ್ತೀರಿ. ರೆಸಲ್ಯೂಷನ್ ಇಳಿಸುತ್ತೀರಿ. ಡ್ರೈವರ್ ಅಪ್‌ಡೇಟ್ ಮಾಡಿ ಮತ್ತೆ ಶುರು ಮಾಡುತ್ತೀರಿ. ಶೇಡರ್ (ತೆರೆಯ ಮೇಲೆ ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗುತ್ತಿದೆ ಅಂತ ತೆರೆಯ ಮೇಲೆ ಒಂದು ಪಟ್ಟಿ ನಿಧಾನಕ್ಕೆ ತುಂಬುತ್ತಿರುತ್ತದೆ, ಆಟದ ಸಮಯದ ಲೆಕ್ಕವೂ ಓಡುತ್ತಲೇ ಇರುತ್ತದೆ. ಇಷ್ಟೆಲ್ಲ ಆದ ಮೇಲೂ ನಿಮ್ಮ ಪಾತ್ರ ಮೊದಲ ಕೋಣೆಯಲ್ಲೇ ನಿಂತಿರುತ್ತದೆ. ಈ ಸ್ಥಿತಿಯಲ್ಲಿ "ನೀವು ಕೊಂಡಾಯಿತು, ಇನ್ನು ನಿಮ್ಮ ಪಾಡು" ಅನ್ನುವುದು ಯಾವ ನ್ಯಾಯ?

ದೊಡ್ಡ ಕಂಪನಿಗಳೂ ಅರೆಬೆಂದ ಗೇಮ್ ಮಾರಿವೆ. ಸ್ಟೀಮ್ ರಿಫಂಡ್ ಶುರು ಮಾಡಿದ್ದು 2015ರ ಜೂನ್‌ನಲ್ಲಿ. ಅದೇ ತಿಂಗಳು 'ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್' ಬಂತು. ಅದರ ಪಿಸಿ ಆವೃತ್ತಿ ಎಷ್ಟು ಹದಗೆಟ್ಟಿತ್ತೆಂದರೆ, ಅದನ್ನು ಹೊರತಂದ ವಾರ್ನರ್ ಬ್ರದರ್ಸ್ ಕೆಲವೇ ದಿನಗಳಲ್ಲಿ ಮಾರಾಟವನ್ನೇ ನಿಲ್ಲಿಸಿತು. ಅದು ಮತ್ತೆ ಸ್ಟೋರ್‌ಗೆ ಬಂದದ್ದು ಅಕ್ಟೋಬರ್ ಕೊನೆಯಲ್ಲಿ. 2020ರ ಡಿಸೆಂಬರ್‌ನಲ್ಲಿ 'ಸೈಬರ್‌ಪಂಕ್ 2077' ಬಂದಾಗ ಹಳೆಯ ಕನ್ಸೋಲ್‌ಗಳಲ್ಲಿ (ಪ್ಲೇಸ್ಟೇಷನ್‌ನಂಥ ಗೇಮ್ ಯಂತ್ರಗಳಲ್ಲಿ) ಆಡಿದವರ ಪಾಡು ಕೇಳಬೇಡಿ. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಆವೃತ್ತಿ. ಹಾಗಾಗಿ ವಿಮರ್ಶೆ ಓದಿ, ಯೋಚಿಸಿ ಕೊಂಡ ಕನ್ಸೋಲ್ ಗ್ರಾಹಕರೂ ಮೋಸ ಹೋದರು. "ಕೊಳ್ಳುವ ಮುಂಚೆ ವಿಚಾರಿಸಬೇಕಿತ್ತು" ಅನ್ನುವವರಿಗೆ ನನ್ನ ಉತ್ತರ ಇದೇ. ವಿಚಾರಿಸಿದವರಿಗೂ ನಿಜ ಸಿಗಲಿಲ್ಲ.

ಇನ್ನೊಂದು ಮಾತು ಜಾಸ್ತಿ ಜನ ಎತ್ತುವುದಿಲ್ಲ. ಡಿಸ್ಕ್ ಇದ್ದಾಗ ಇಷ್ಟವಾಗದ ಗೇಮನ್ನು ಬೇರೆಯವರಿಗೆ ಮಾರಬಹುದಿತ್ತು, ಗೆಳೆಯರಿಗೆ ಕೊಡಬಹುದಿತ್ತು. ಹಾಕಿದ ದುಡ್ಡಲ್ಲಿ ಸ್ವಲ್ಪವಾದರೂ ಕೈಗೆ ಬರುತ್ತಿತ್ತು. ಡಿಜಿಟಲ್‌ನಲ್ಲಿ ನಮಗೆ ಸಿಗುವುದು ಬರೀ ಲೈಸೆನ್ಸ್. ಮಾರುವ ಹಾಗಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟಿಸುವ ಹಾಗಿಲ್ಲ. ನಮ್ಮ ಕೈಯಿಂದ ಆ ಹಕ್ಕು ಹೋಗಿದೆ ಅಂದಮೇಲೆ ಅದರ ಜಾಗದಲ್ಲಿ ರಿಫಂಡ್ ಆದರೂ ಇರಬೇಕು ಅಲ್ವಾ?

ಕಂಪನಿಗಳು ತಾವಾಗಿಯೇ ಕೊಡುತ್ತವೆ ಅಂತ ಕೂತರೆ ಆಗುವುದಿಲ್ಲ. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯನ್ನು ರಿಫಂಡ್ ಕೊಡುವುದಿಲ್ಲ ಅನ್ನುತ್ತಿದ್ದುದಕ್ಕೆ ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2014ರಲ್ಲಿ ಕೋರ್ಟಿಗೆ ಎಳೆಯಿತು. ಆಸ್ಟ್ರೇಲಿಯಾದ ಕಾನೂನು ತನಗೆ ಅನ್ವಯಿಸುವುದಿಲ್ಲ ಅಂತಲೇ ವಾಲ್ವ್ ವಾದಿಸಿತು. ಕೋರ್ಟ್ ಒಪ್ಪಲಿಲ್ಲ. ಗೇಮ್ ಕೂಡ ಬೇರೆ ಸರಕಿನ ಹಾಗೇ ಸರಕು ಅಂದಿತು. 2016ರ ಕೊನೆಯಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು.

ದುರುಪಯೋಗ ಆಗುತ್ತದೆ ನಿಜ. ಆದರೆ ಅದಕ್ಕೆ ಹೆದರಿ ಸೌಲಭ್ಯವನ್ನೇ ತೆಗೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಪದೇಪದೇ ದುರುಪಯೋಗ ಮಾಡುವವರಿಗೆ ರಿಫಂಡ್ ನಿಲ್ಲಿಸುವ ಅಧಿಕಾರವನ್ನು ಸ್ಟೀಮ್ ತನ್ನ ಬಳಿ ಇಟ್ಟುಕೊಂಡೇ ಇದೆ.

ವಿರೋಧ: ದೋಷಕ್ಕೆ ರಿಫಂಡ್ ಇರಲಿ, ಗಡಿಯಾರಕ್ಕೆ ಬೇಡ

ಕೆಟ್ಟುಹೋದ ಗೇಮ್‌ಗೆ ದುಡ್ಡು ವಾಪಸ್ ಕೊಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ಗೇಮ್‌ನಲ್ಲಿ ಏನೂ ದೋಷವಿಲ್ಲ, ಕೊಂಡವರು ಕೊನೆತನಕ ಆಡಿದ್ದಾರೆ, ಇಷ್ಟವೂ ಆಗಿದೆ. ಆಮೇಲೆ 2 ಗಂಟೆ ದಾಟಿಲ್ಲ ಅನ್ನುವ ಒಂದೇ ಕಾರಣಕ್ಕೆ ದುಡ್ಡು ವಾಪಸ್ ಪಡೆಯುತ್ತಾರೆ. ಇದನ್ನು ಹಕ್ಕು ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

2021ರಲ್ಲಿ ಎಮಿಕಾ ಗೇಮ್ಸ್ ಅನ್ನುವ ಪುಟ್ಟ ಸ್ಟುಡಿಯೋ 'ಸಮ್ಮರ್ ಆಫ್ 58' ಅನ್ನುವ ಹಾರರ್ ಗೇಮ್ ತಂದಿತು. ಆಡಿ ಮುಗಿಸಲು 2 ಗಂಟೆಯೂ ಬೇಡ. ಆಡಿದವರು ಒಳ್ಳೆಯ ವಿಮರ್ಶೆಗಳನ್ನೇ ಬರೆದರು. ಆದರೂ ರಿಫಂಡ್‌ಗಳು ರಾಶಿ ಬಿದ್ದವು. ಮುಂದಿನ ಗೇಮ್ ಮಾಡುವಷ್ಟು ಹಣ ಉಳಿಯುತ್ತಿಲ್ಲ, ಸದ್ಯಕ್ಕೆ ಈ ಕೆಲಸ ಬಿಡುತ್ತಿದ್ದೇನೆ ಅಂತ ಅದನ್ನು ಮಾಡಿದವರು ಬಹಿರಂಗವಾಗಿ ಹೇಳಬೇಕಾಯಿತು. ಜನ ಮೆಚ್ಚಿದ ಗೇಮ್ ಮಾಡಿದವರಿಗೆ ಸಿಕ್ಕಿದ್ದು ಇದು.

ಒಬ್ಬರೋ ಇಬ್ಬರೋ ಸೇರಿ ಗೇಮ್ ಮಾಡುವವರ ಕಡೆಯಿಂದ ನೋಡಿ. ಸ್ಟೀಮ್ ಅವರಿಗೆ ಮಾರಾಟದ ಲೆಕ್ಕ ತೋರಿಸುತ್ತದೆ. ಅದರ ಪಕ್ಕದಲ್ಲೇ ರಿಫಂಡ್‌ಗಳ ಲೆಕ್ಕ, ಗ್ರಾಹಕರು ಆರಿಸಿದ ಕಾರಣ. ಮಜಾ ಬರಲಿಲ್ಲ, ತಪ್ಪಿ ಕೊಂಡೆ, ನನ್ನ ಕಂಪ್ಯೂಟರ್‌ನಲ್ಲಿ ಓಡಲಿಲ್ಲ. ಓಡಲಿಲ್ಲ ಅಂದವರಿಗೋಸ್ಕರ ರಾತ್ರಿ ಕೂತು ಸರಿಪಡಿಸಬಹುದು. ಸುಮ್ನೆ ಮುಗಿಸಿ ವಾಪಸ್ ಕೊಟ್ಟವರಿಗೆ ಏನು ಮಾಡುವುದು? ಬಂತು ಅಂದುಕೊಂಡ ದುಡ್ಡು ಲೆಕ್ಕದಿಂದ ಕಳೆದುಹೋಗುತ್ತದೆ ಅಷ್ಟೇ.

ಆಗ ಗೇಮ್ ಮಾಡುವವರು ಗಡಿಯಾರ ನೋಡಿಕೊಂಡು ಕಥೆ ಕಟ್ಟಲು ಶುರು ಮಾಡುತ್ತಾರೆ. ಒಂದೂವರೆ ಗಂಟೆಯಲ್ಲಿ ಚೆನ್ನಾಗಿ ಮುಗಿಯುವ ಕಥೆಯನ್ನು ಮೂರು ಗಂಟೆಗೆ ಎಳೆಯುವ ಆಸೆ ಹುಟ್ಟುತ್ತದೆ. ಉದ್ದನೆಯ ಕಾರಿಡಾರ್, ಬೇಡದ ಬೀಗದ ಕೈ ಹುಡುಕಾಟ, ಬಿಟ್ಟುಬಿಡಲಾಗದ ಮಾತುಕತೆ. ಚಿಕ್ಕದಾಗಿ, ಚೊಕ್ಕವಾಗಿ ಮಾಡುವ ಧೈರ್ಯವನ್ನೇ ಈ ನಿಯಮ ಕೊಲ್ಲುತ್ತದೆ.

ಇಷ್ಟಾಗಿಯೂ ಗಡಿಯಾರ ಗ್ರಾಹಕರನ್ನಾದರೂ ಕಾಯುತ್ತದಾ? 60 ಗಂಟೆಯ ಗೇಮ್‌ನಲ್ಲಿ 20ನೇ ಗಂಟೆಗೆ, ಅಲ್ಲಿತನಕ ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್ ಹಾಳಾದರೆ 2 ಗಂಟೆಯ ನಿಯಮ ನೆರವಿಗೆ ಬರುವುದಿಲ್ಲ. ಇತ್ತ ಬಿಡುಗಡೆಗೆ ಮೊದಲೇ ಆಡಲು ಬಿಡುವ ದುಬಾರಿ ಎಡಿಷನ್‌ಗಳಲ್ಲಿ, ಆ ದಿನಗಳಲ್ಲಿ ಆಡಿದ ಹೊತ್ತನ್ನು ಸ್ಟೀಮ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಗಂಟೆಗಟ್ಟಲೆ ಆಡಿ ವಾಪಸ್ ಕೊಡಬಹುದಿತ್ತು. ಆ ಕಿಂಡಿ ಮುಚ್ಚಿದ್ದು 2024ರ ಏಪ್ರಿಲ್‌ನಲ್ಲಿ.

ಗ್ರಾಹಕರಿಗೆ ದೊಡ್ಡ ಮಟ್ಟದಲ್ಲಿ ನ್ಯಾಯ ಸಿಕ್ಕ ಸಂದರ್ಭಗಳನ್ನು ನೆನಪಿಸಿಕೊಳ್ಳಿ. ಸೈಬರ್‌ಪಂಕ್ ಕೊಂಡವರಿಗೆ ಪ್ಲೇಸ್ಟೇಷನ್ ಕಂಪನಿ ಸೋನಿ ಪೂರ್ತಿ ಹಣ ಕೊಡಲು ಮುಂದಾಯಿತು, ತನ್ನ ಸ್ಟೋರ್‌ನಿಂದಲೂ ಅದನ್ನು ತೆಗೆಯಿತು. 2024ರ ಆಗಸ್ಟ್ 23ಕ್ಕೆ ಬಂದ 'ಕಾನ್‌ಕಾರ್ಡ್' ಅನ್ನುವ ಆನ್‌ಲೈನ್ ಗೇಮ್ ಸೆಪ್ಟೆಂಬರ್ 6ಕ್ಕೆ ಮುಚ್ಚಿದಾಗ ಕೊಂಡವರಿಗೆಲ್ಲ ದುಡ್ಡು ವಾಪಸ್ ಬಂತು. ಯಾರು ಎಷ್ಟು ಗಂಟೆ ಆಡಿದರು ಅಂತ ಯಾರೂ ನೋಡಲಿಲ್ಲ. ಕಾರಣ ಗಟ್ಟಿಯಾಗಿತ್ತು, ಹಣ ಬಂತು. ಯುರೋಪಿನ ಕಾನೂನೂ ಈ ವ್ಯತ್ಯಾಸ ಗುರುತಿಸುತ್ತದೆ. ಆನ್‌ಲೈನ್ ಖರೀದಿಗೆ 14 ದಿನದ ವಾಪಸಾತಿ ಹಕ್ಕಿದ್ದರೂ, ಗ್ರಾಹಕರು ಒಪ್ಪಿ ಡೌನ್‌ಲೋಡ್ ಶುರು ಮಾಡಿದರೆ ಡಿಜಿಟಲ್ ಸರಕಿಗೆ ಅದು ಉಳಿಯುವುದಿಲ್ಲ. ದೋಷವಿದ್ದರೆ ಪರಿಹಾರ ಕೇಳಲು 2019ರ ಬೇರೆಯೇ ನಿಯಮ ಇದೆ.

ಆಡಿ ನೋಡಬೇಕು ಅನ್ನುವ ಆಸೆಗೆ ಡೆಮೊ, ಅಂದರೆ ಗೇಮ್‌ನ ಒಂದು ತುಣುಕು ಇದೆ. ದುಡ್ಡಿಲ್ಲದೆ ಆಡಬಹುದು, ನಮ್ಮ ಯಂತ್ರದಲ್ಲಿ ಓಡುತ್ತದಾ ಅಂತಲೂ ತಿಳಿಯುತ್ತದೆ. ಅದನ್ನು ದೊಡ್ಡ ಕಂಪನಿಗಳಿಗೆ ಕಡ್ಡಾಯ ಮಾಡಲಿ. ದೋಷ ಕಂಡರೆ ಎಷ್ಟೇ ಗಂಟೆ ಆಡಿದ್ದರೂ ರಿಫಂಡ್ ಕೊಡಲಿ. ಹಾಗೆಯೇ, ಎಷ್ಟೋ ಗೇಮ್‌ಗಳಲ್ಲಿ ಕಥೆ ಮುಗಿದಾಗ ಒಂದು ಅಚೀವ್‌ಮೆಂಟ್ (ಸಾಧನೆಯ ಗುರುತು) ಬೀಳುತ್ತದೆ, ಸ್ಟೋರ್‌ಗೆ ಅದು ಗೊತ್ತಾಗುತ್ತದೆ. ಕೊನೆ ಮುಟ್ಟಿದವರಿಗೆ ದೋಷವಿಲ್ಲದೆ ರಿಫಂಡ್ ಇಲ್ಲ ಅಂತ ನಿಯಮದಲ್ಲಿ ಒಂದು ಸಾಲು ಸೇರಿಸಲು ಅಡ್ಡಿ ಏನು?